ಮಂಪರು ಕೋಣೆಯಲ್ಲಿ ನಾನು ಅಣಕಿಸಿದ ದನಿ

ನಿವೃತ್ತಿಯೆಂದರೆ ಅರವತ್ತು ತುಂಬಿ, ಶಾಲು ಹೊದ್ದು, ಪೇಟ ಇಡಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಫೋಟೋಕ್ಕೆ ನಿಲ್ಲುವುದು. ನನಗೆ ಮೂವತ್ತೊಂದಕ್ಕೇ ಆಯಿತು. ಶಾಲು ಸಿಗಲಿಲ್ಲ. ಗುರುತಿನ ಚೀಟಿ ವಾಪಸು ಕೊಟ್ಟಾಗ ಆಫೀಸಿನ ಹುಡುಗಿ "ಲಾಕರ್ ಕೀ ಎಲ್ಲಿ?" ಎಂದಳು. ಅದೇ ನನ್ನ ಬೀಳ್ಕೊಡುಗೆ ಭಾಷಣ.

ನಾನು ಗಿರಿ. 2008ರಿಂದ 2019ರವರೆಗೆ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಟೆಕ್ನಿಷಿಯನ್ ಆಗಿದ್ದೆ. ಬಾಯಿಂದ ಹೊಟ್ಟೆಗೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಕೋಣೆ ಅದು. ಇಳಿಸುವುದು ಡಾಕ್ಟರ ಕೆಲಸ. ಅದಕ್ಕೆಂದು ರೋಗಿಗೆ ಮಂಪರು ಕೊಟ್ಟಿರುತ್ತಾರಲ್ಲ, ಆ ಮಂಪರಿನಲ್ಲಿ ಉಸಿರು ನಿಂತುಹೋಗದಂತೆ ತಲೆಯ ಹತ್ತಿರ ನಿಂತು ಕಾಯುವುದು ನನ್ನ ಕೆಲಸ. ನಾನು ಓದಿದ ಕಾಲೇಜಿನ ಹೊಸ ಹುಡುಗರು "ಅಣ್ಣಾ, ಕೆಲ್ಸ ನಿಜವಾಗ್ಲೂ ಹೆಂಗಿರುತ್ತೆ, ಬರ್ದ್ಕೊಡಿ" ಎಂದು ದುಂಬಾಲು ಬಿದ್ದಿದ್ದಾರೆ. ಬರೆಯುತ್ತಿದ್ದೇನೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಾಯಬೇಕಾಗಿದ್ದ ಒಬ್ಬ ಮನುಷ್ಯ ಆ ಕೋಣೆಯಲ್ಲಿ ಹಾಳಾದರು. ಅದರಲ್ಲಿ ನನ್ನ ಪಾಲು ಎಷ್ಟು ಎಂಬುದು ಅವರ ಹೆಂಡತಿಗೆ ಗೊತ್ತಿರಲಿಲ್ಲ. ಅವರಿಗೆ ಅದನ್ನು ಹೇಳಲು ನನಗೆ ಐದು ತಿಂಗಳು ಬೇಕಾಯಿತು. ಈ ಬರಹದಲ್ಲಿ ಮಿಕ್ಕದ್ದೆಲ್ಲ ಅದರ ಸುತ್ತ ನಾನು ಹಾಕಿದ ಪ್ರದಕ್ಷಿಣೆ.

ನನಗೊಂದು ರೋಗವಿತ್ತು, ಅಣಕು. ಯಾರ ದನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ನನ್ನ ಬಾಯಲ್ಲಿ ಇರುತ್ತಿತ್ತು. ನಮ್ಮ ದೊಡ್ಡ ಡಾಕ್ಟರು ಮೂರ್ತಿ ಸರ್ ಕೊಳವೆ ಇಳಿಸುವಾಗ ಮೂಗಿನಲ್ಲಿ "ನುಂಗಿ, ನುಂಗೀ, ನುಂಗೀಈಈ... ಗುಡ್" ಎನ್ನುತ್ತಿದ್ದರು, ಪುರೋಹಿತರು ಮಂತ್ರದ ಕೊನೆಗೆ ಎಳೆದಂತೆ. ಸೇರಿದ ಎರಡನೆಯ ವಾರವೇ ಕ್ಯಾಂಟೀನಿನಲ್ಲಿ ಅದನ್ನು ಮಾಡಿ ತೋರಿಸಿದೆ. ಹಿಂದೆ ಮೂರ್ತಿ ಸರ್ ನಿಂತಿದ್ದರು. "ಕೊನೇ ನುಂಗಿ ಇನ್ನೂ ಸ್ವಲ್ಪ ಉದ್ದ ಇರ್ಬೇಕು ಕಣೋ" ಎಂದು ಇಡ್ಲಿ ತಿನ್ನಲು ಹೋದರು. ಅವರು ಅಂದೇ ನನ್ನ ಕಪಾಳಕ್ಕೆ ಒಂದು ಬಿಟ್ಟಿದ್ದರೆ ಚೆನ್ನಾಗಿತ್ತು.

ನನ್ನನ್ನೂ ನಾನು ಬಿಟ್ಟವನಲ್ಲ. ಔಷಧಿ ಟ್ರೇ ಹಿಡಿದು ನಾನು ನಡೆಯುವುದು ಕಾದ ಕಲ್ಲಿನ ಮೇಲೆ ಕೋಳಿ ನಡೆದಂತೆ ಎಂದು ಮೊದಲು ಕಂಡುಹಿಡಿದವನೂ ನಾನೇ.

ಆಗಿನ ಪದ್ಧತಿ ಬೇರೆ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಕೈಗೆ ಒಂದು ಸಣ್ಣ ಇಂಜೆಕ್ಷನ್, ಎಡಮಗ್ಗುಲಿಗೆ ಮಲಗಿಸುವುದು, ಹಲ್ಲಿಗೆ ಪ್ಲಾಸ್ಟಿಕ್ ಬಳೆ ಕಚ್ಚಿಸುವುದು, ಮಿಕ್ಕದ್ದು ದೇವರಿಗೂ ನನ್ನ ತೋಳಿಗೂ ಬಿಟ್ಟದ್ದು. ಆ ಇಂಜೆಕ್ಷನ್ನಿನ ಗುಣವೆಂದರೆ ನಿದ್ದೆಗಿಂತ ಮರೆವು ಜಾಸ್ತಿ. ಒಬ್ಬರು ಹಿಟ್ಟಿನ ಗಿರಣಿಯ ಯಜಮಾನರು ನನ್ನ ಕೂದಲು ಹಿಡಿದು ಎಳೆದಾಡಿ, ನಮ್ಮ ಕೋಣೆಯ ನರ್ಸು ಮೇರಿ ಸಿಸ್ಟರ್ ಅವರನ್ನು ಒದ್ದು, ಮೂರ್ತಿ ಸರ್ ವಂಶವನ್ನೆಲ್ಲ ಬೈದು ಮುಗಿಸಿದರು. ಅರ್ಧ ಗಂಟೆ ಕಳೆದು ಕೈಮುಗಿದು, "ಏನೂ ಗೊತ್ತೇ ಆಗ್ಲಿಲ್ಲ ಸ್ವಾಮಿ, ಹೂವು ಎತ್ತಿದ ಹಾಗೆ ಮಾಡಿದ್ರಿ" ಎಂದರು. ನನ್ನ ತಲೆಯಲ್ಲಿ ಒಂದು ಹಿಡಿ ಕೂದಲು ಕಡಿಮೆಯಾಗಿತ್ತು. ಈ ಕೆಲಸದಲ್ಲಿ ಕೃತಜ್ಞತೆ ಬರುವುದು ಮರೆವಿನಿಂದ, ನಮ್ಮಿಂದಲ್ಲ. ಆಗ ಅದು ನಗು ತರಿಸುತ್ತಿತ್ತು.

ಹೊಸಬರಿಗೆ ಒಂದು ಬುದ್ಧಿಮಾತು. "ಏನಾದ್ರೂ ತಿಂದಿದ್ದೀರಾ?" ಎಂದು ಯಾವತ್ತೂ ಕೇಳಬೇಡಿ. ನಾನು ಕೇಳಿ ಕೆಟ್ಟೆ. ಸಹಕಾರನಗರದ ಒಬ್ಬರು ರಿಟೈರ್ಡ್ ಮೇಷ್ಟ್ರು, ಅಚ್ಚುಕಟ್ಟಾಗಿ ಕ್ರಾಪು ತೆಗೆದವರು, "ಛೆ ಛೆ, ಖಾಲಿ ಹೊಟ್ಟೆ" ಎಂದರು. ಮಂಪರು ಏರಿ ಕೊಳವೆ ಇಳಿಯಿತು. ಟಿವಿ ಪರದೆಯ ಮೇಲೆ ಎರಡು ಇಡ್ಲಿ, ಉದ್ದಿನವಡೆ, ಕರಿಬೇವಿನ ಸಮೇತ ಸಾಂಬಾರು. ವಾಂತಿ ಶ್ವಾಸಕೋಶಕ್ಕೆ ಹೋಗದಂತೆ ತಲೆ ತಗ್ಗಿಸಿ, ಎಳೆಯುವ ಪೈಪು ಹಾಕಿ ಒದ್ದಾಡುವಷ್ಟರಲ್ಲಿ ನನ್ನ ಅಂಗಿ ದರ್ಶಿನಿಯ ನೆಲವಾಯಿತು. ಎದ್ದ ಮೇಲೆ ಕೇಳಿದೆ.

"ಸಾರ್, ಖಾಲಿ ಹೊಟ್ಟೆ ಅಂದ್ರಲ್ಲ?"

"ವಾಕಿಂಗ್ ಮುಗಿಸ್ಕೊಂಡು ಟಿಫನ್ ಮಾಡಿದ್ದು ಕಣಪ್ಪಾ. ಊಟ ಎಲ್ಲಿ ಮಾಡಿದೀನಿ?"

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು: "ಬೆಳಿಗ್ಗೆ ಎದ್ದಾಗಿಂದ ಏನೇನ್ ಮಾಡಿದ್ರಿ, ಒಂದೊಂದೇ ಹೇಳ್ತಾ ಹೋಗಿ." ಆ ಉತ್ತರದಲ್ಲಿ ಕಾಫಿ, ಬಿಸ್ಕತ್ತು, ತೀರ್ಥ, ದೇವಸ್ಥಾನದ ಪೊಂಗಲ್ ಎಲ್ಲ ತಾವಾಗಿಯೇ ಹೊರಬರುತ್ತವೆ. ಕುಡಿತದ ವಿಷಯ ಮಾತ್ರ ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಬೇಕು. ದಿನಾ ಕುಡಿಯುವವನಿಗೆ ಮಾಮೂಲಿ ಮಂಪರು ಸಾಲದು. ಹೆಂಡತಿಯೆದುರು ಯಾವ ಗಂಡನೂ ದಿನಾ ಕುಡಿಯುವುದಿಲ್ಲ.

ಹೊರಗೆ ಎಂದರೆ ಎಷ್ಟು ಹೊರಗೆ? ನಮ್ಮ ಕೋಣೆಯ ಬಾಗಿಲು ತೆಳ್ಳನೆಯ ಪ್ಲೈವುಡ್. ಅದಕ್ಕೆ ಆನಿಸಿಯೇ ಬೆಂಚು. ಒಳಗಿನ ತೇಗು, ಬೈಗುಳ, ಯಂತ್ರದ ಸದ್ದು ಎಲ್ಲ ಬೆಂಚಿನ ಮೇಲೆ ಕೂತವರಿಗೆ ಕೇಳುತ್ತಿತ್ತು. ಬಾಗಿಲು ಬದಲಾಯಿಸಿ ಎಂದು ಮೇರಿ ಸಿಸ್ಟರ್ ಎಷ್ಟೋ ಸಲ ಬರೆದುಕೊಟ್ಟರು. ಬಾಗಿಲಿಗೆ ಬಣ್ಣ ಹೊಡೆಸಿದರು.

ಕೆಲವು ವರ್ಷ ಕಳೆದ ಮೇಲೆ ಹಾಲಿನಂತೆ ಬೆಳ್ಳಗಿರುವ ಮಂಪರಿನ ಔಷಧಿ ಬಂತು. ಅದರ ಜೊತೆಗೆ ಅರಿವಳಿಕೆ ಡಾಕ್ಟರು ನಜ್ಮಾ ಮೇಡಂ ಬಂದರು, ಆರ್.ಟಿ. ನಗರದವರು. ಹಾಲಿನ ಔಷಧಿ ಕೊಟ್ಟರೆ ರೋಗಿ ಹತ್ತು ಎಣಿಸುವಷ್ಟರಲ್ಲಿ ನಿದ್ದೆ. ನಿಲ್ಲಿಸಿದರೆ ಬೇಗ ಎಚ್ಚರ. ಕೂದಲು ಎಳೆಸಿಕೊಳ್ಳುವ ನನ್ನ ಕಷ್ಟ ಮುಗಿಯಿತು. ಆದರೆ ಅದು ಉಸಿರನ್ನೂ ಅಷ್ಟೇ ಬೇಗ ನಿಲ್ಲಿಸಬಲ್ಲದು.

ನಜ್ಮಾ ಮೇಡಂ ಬಂದ ಮೊದಲ ದಿನವೇ ನನ್ನ ಎರಡು ಬೆರಳನ್ನು ರೋಗಿಯ ದವಡೆಯ ಮೂಲೆಗೆ ಒತ್ತಿಸಿ, "ಹೀಗೆ ಎತ್ತಿ ಹಿಡಿ. ನಾಲಿಗೆ ಹಿಂದಕ್ಕೆ ಬೀಳಲ್ಲ" ಎಂದರು. ಆಮೇಲೆ ಹೇಳಿದ್ದು ಇದು: "ಗಿರಿ, ಕತ್ತಲೆ ಕೋಣೆಯಲ್ಲಿ ಎಲ್ಲರ ಕಣ್ಣೂ ಟಿವಿ ಮೇಲೆ ಇರುತ್ತೆ. ನಿನ್ನ ಕಿವಿ ಮಾತ್ರ ರೋಗಿ ಮೇಲೆ ಇರ್ಲಿ. ಗೊರಕೆ ಬರ್ತಿದ್ರೆ ಹೆದರ್ಬೇಡ. ಗೊರಕೆ ನಿಂತ್ರೆ ಹೆದರು."

ರೋಗಿಯ ಬೆರಳಿಗೆ ಒಂದು ಕ್ಲಿಪ್ಪು ಹಾಕುತ್ತೇವೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅದು ಯಂತ್ರಕ್ಕೆ ಹೇಳುತ್ತದೆ. ಒಂದೊಂದು ನಾಡಿಬಡಿತಕ್ಕೂ ಯಂತ್ರ ಒಂದೊಂದು ಸಲ ಟಿಂವ್ ಎನ್ನುತ್ತದೆ. ಆಮ್ಲಜನಕ ತುಂಬಿದ್ದರೆ ದನಿ ಎತ್ತರ, ಪುಟ್ಟ ಹಕ್ಕಿಯಂತೆ. ಕಡಿಮೆಯಾಗುತ್ತ ಬಂದರೆ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪರದೆ ನೋಡಬೇಕಾಗಿಯೇ ಇಲ್ಲ. ಬೇರೆ ಅಲಾರಂ ಒಂದಿತ್ತು. ಕ್ಲಿಪ್ಪು ಕೊಂಚ ಜಾರಿದರೂ ದಿನವಿಡೀ ಅರಚುತ್ತಿತ್ತೆಂದು ಅದರ ಬಾಯಿ ಮುಚ್ಚಿಸಿದ್ದೆವು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ನೀವು ಮಾಡಬೇಡಿ.

ನಾನು ಆ ಟಿಂವ್ ಕಲಿತೆ.

ಮನುಷ್ಯರ ದನಿ ಯಾರು ಬೇಕಾದರೂ ಮಾಡಿಯಾರು, ಯಂತ್ರದ್ದು ಮಾಡುವುದು ವಿದ್ಯೆ. ನಾಲಿಗೆಯನ್ನು ಅಂಗುಳಕ್ಕೆ ಆನಿಸಿ, ಮೂಗಿನಿಂದ ಬಿಟ್ಟು, ತುದಿಯನ್ನು ಕತ್ತರಿಸಬೇಕು. ಮನೆಯಲ್ಲಿ ಸ್ನಾನ ಮಾಡುವಾಗ ಅಭ್ಯಾಸ ಮಾಡಿದೆ. ನಮ್ಮಮ್ಮ ಬಾಗಿಲು ಬಡಿದು, "ಒಳಗೆ ಫೋನ್ ತಗೊಂಡ್ ಹೋಗಿದ್ಯೇನೋ?" ಎಂದರು. ಅದು ನನಗೆ ಸಿಕ್ಕ ರಾಜ್ಯೋತ್ಸವ ಪ್ರಶಸ್ತಿ. ಬೆಂಚಿನ ಮೇಲೆ ಹೆದರಿ ಕೂತವರಿಗೂ ಮಾಡಿ ತೋರಿಸುತ್ತಿದ್ದೆ: "ನೋಡಿ, ಒಳಗೆ ಹಿಂಗೆ ಸದ್ದು ಬರ್ತಿದ್ರೆ ನಿಮ್ ಯಜಮಾನ್ರು ಆರಾಮಾಗಿದಾರೆ ಅಂತ." ಅವರು ನಗುತ್ತಿದ್ದರು.

ಇಳಿಯುವ ದನಿಯನ್ನು ಮಾತ್ರ ಸಿಬ್ಬಂದಿಗೆ ಇಟ್ಟುಕೊಂಡಿದ್ದೆ. ಯಂತ್ರವಿದ್ದದ್ದು ಕೊಳವೆ ತೊಳೆಯುವ ಪಕ್ಕದ ಕೋಣೆಯ ಬಾಗಿಲ ಬಳಿ. ಆ ಬಾಗಿಲ ಹಿಂದೆ ನಿಂತು ಟಿಂವ್, ಟುಂವ್, ಟೊಂವ್ ಎಂದು ಇಳಿಸಿದರೆ ಸಾಕು, ಹೊಸ ಸಿಸ್ಟರುಗಳು ಆಮ್ಲಜನಕದ ತಿರುಗಣೆಗೆ ಓಡುತ್ತಿದ್ದರು. ನಾನು ಬಾಗಿಲಿನಿಂದ ತಲೆ ಹಾಕಿ ಹಲ್ಲು ಕಿರಿಯುತ್ತಿದ್ದೆ. "ಪಾಪಿ, ನಂಗೆ ಹಾರ್ಟ್ ಅಟ್ಯಾಕ್ ಆಗುತ್ತೆ" ಎಂದು ಮೇರಿ ಸಿಸ್ಟರ್ ಹತ್ತಿಯ ಉಂಡೆ ಎಸೆಯುತ್ತಿದ್ದರು. ಮೂರನೆಯ ಸಲಕ್ಕೆ ಯಾರೂ ಓಡಲಿಲ್ಲ. ಆಮೇಲೆ ಯಾರೂ ತಿರುಗಿಯೂ ನೋಡಲಿಲ್ಲ. "ಸಾಕು ಮಾಡೋ" ಎನ್ನುವುದು ರೂಢಿಯಾಯಿತು.

ಒಂದು ಸಲ ನಜ್ಮಾ ಮೇಡಂ ಕೈಗೆ ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ. "ಗಿರಿ, ನನ್ನನ್ನ ಅಣಕಿಸು. ಮೂರ್ತಿ ಸರ್‌ನ ಅಣಕಿಸು. ಆ ಒಂದು ದನಿ ಬಿಟ್ಬಿಡು" ಎಂದರು. ಅವರು ಹೋದ ಮೇಲೆ ನಾನು ಅದೇ ಮಾತನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಅಂದಿನಿಂದ ಮೇಡಂ ಕೋಣೆಯಲ್ಲಿ ಇಲ್ಲದಾಗ ಮಾತ್ರ ಆ ಆಟ ಆಡುತ್ತಿದ್ದೆ.

ಅವರು ಕೋಣೆಯಲ್ಲಿ ಇಲ್ಲದಿರುವುದು ಕಡಿಮೆಯೇನಲ್ಲ. ಇಡೀ ಮಹಡಿಗೆ ಅವರೊಬ್ಬರೇ. ನಮ್ಮಲ್ಲಿ ಒಬ್ಬರನ್ನು ಮಲಗಿಸಿ, ಪಕ್ಕದ ಆಪರೇಷನ್ ಕೋಣೆಯಿಂದ ಕರೆ ಬಂದರೆ "ಎರಡು ನಿಮಿಷ" ಎಂದು ಓಡಬೇಕಾಗಿತ್ತು. ಇನ್ನೊಬ್ಬರನ್ನು ಕೊಡಿ ಎಂದು ಅವರೂ ಬರೆದುಕೊಟ್ಟರು. ಈ ಸಲ ಬಣ್ಣ ಕೂಡ ಹೊಡೆಸಲಿಲ್ಲ.

ಈಗ ಪುಟ್ಟಸ್ವಾಮಯ್ಯನವರ ವಿಷಯಕ್ಕೆ ಬರಲೇಬೇಕು.

ಚಿಕ್ಕಬಾಣಾವರದವರು, ಸಿಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ವರ್ಷಾನುಗಟ್ಟಲೆ ಎದೆಯುರಿಯನ್ನು ಸೋಡಾ ಕುಡಿದು ತಳ್ಳಿ ತಳ್ಳಿ ಅವರ ಅನ್ನನಾಳ ಕಿರಿದಾಗಿಬಿಟ್ಟಿತ್ತು. ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಮುದ್ದೆ ತಿಂದು ಬೆಳೆದ ಜೀವ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ನುಂಗುವುದೇ ಅವರಿಗೆ ಆಗದು. ಕೆಲವು ವಾರಕ್ಕೊಮ್ಮೆ ಬಂದು, ಮಂಪರಿನಲ್ಲಿ ಮಲಗಿ, ಕಿರಿದಾದ ಜಾಗದಲ್ಲಿ ಸಣ್ಣ ಬಲೂನು ಉಬ್ಬಿಸಿ ಹಿಗ್ಗಿಸಿಕೊಂಡು ಹೋಗುತ್ತಿದ್ದರು. ಪ್ರತಿ ಸಲವೂ ಬಲೂನಿನ ಅಳತೆ ಒಂದು ಚೂರು ದೊಡ್ಡದು.

ಅವರಿಗೂ ನನಗೂ ಒಂದು ಪದ್ಧತಿ ಬೆಳೆದಿತ್ತು. ಹಾಲಿನ ಔಷಧಿ ಕೈಯಲ್ಲಿ ಏರುತ್ತಲೇ ಅವರು "ರೈಟ್, ರೈಟ್! ಹೋಗ್ಲಿ ಗಾಡಿ!" ಎನ್ನುತ್ತ ನಿದ್ದೆಗೆ ಜಾರುತ್ತಿದ್ದರು. ಎಚ್ಚರವಾದಾಗ ಕಣ್ಣು ಮುಚ್ಚಿಯೇ, "ಯಾವ ಸ್ಟಾಪಪ್ಪಾ ಇದು?" ನಾನು ಅವರದೇ ಕಂಚಿನ ಕಂಠದಲ್ಲಿ, "ಯಶವಂತಪುರ ಸರ್ಕಲ್! ಇಳಿಯೋರು ಬೇಗ ಇಳೀರಿ, ಚಿಲ್ರೆ ಇಲ್ಲ!" ಎನ್ನುತ್ತಿದ್ದೆ. ಹೊರಗಿನ ಬೆಂಚಿನಿಂದ ಅವರ ಹೆಂಡತಿ ಜಯಮ್ಮನವರ ನಗು ಕೇಳಿಸುತ್ತಿತ್ತು. ಗಾಡಿ ಸ್ಟಾಪಿಗೆ ಬಂತೆಂದು ಅವರಿಗೆ ಗೊತ್ತಾಗುತ್ತಿದ್ದುದು ಹಾಗೆ.

2019ರ ಆ ದಿನ ಬೆಳಿಗ್ಗೆ ಜಯಮ್ಮ ಕ್ಯಾರಿಯರ್ ತಂದಿದ್ದರು.

"ಏನಮ್ಮಾ ಇದು? ಯಜಮಾನ್ರು ಖಾಲಿ ಹೊಟ್ಟೇಲಿ ಇರ್ಬೇಕು, ನೀವಿಲ್ಲಿ ಬಸ್ಸಾರಿನ ಘಮ ಹಿಡಿಸ್ತಿದೀರಾ?"

"ಇವತ್ತಿನ್ದು ದೊಡ್ಡ ಬಲೂನು, ಇದಾದ್ಮ್ಯಾಕೆ ಒಂದ್ ತುತ್ತು ಮುದ್ದೆ ನುಂಗಿ ನೋಡ್ಬೋದು ಅಂದವ್ರೆ ಡಾಕ್ಟ್ರು. ಮನೆಗೋಗೋಗಂಟ ತಡ್ಕಳಲ್ಲ ಇವ್ರು."

"ಒಂದೇ ತುತ್ತು ಕಣೇ," ಎಂದರು ಪುಟ್ಟಸ್ವಾಮಯ್ಯ, ನನ್ನ ಕಡೆ ಕಣ್ಣು ಹೊಡೆದು. "ಮಿಕ್ಕಿದ್ದು ಗಿರಿಗೆ. ಇವನಿಗೂ ಮೈಯಲ್ಲಿ ಏನೂ ಇಲ್ಲ, ಬರೀ ಬಾಯಿ."

ಒಳಗೆ ಮಲಗಿಸಿದೆವು. "ರೈಟ್, ರೈಟ್" ಎಂದರು. "ಹೋಗ್ಲಿ ಗಾಡಿ" ಹೇಳುವಷ್ಟರಲ್ಲಿ ನಿದ್ದೆ. ಮೂರ್ತಿ ಸರ್ ಕೊಳವೆ ಇಳಿಸಿದರು. ನಜ್ಮಾ ಮೇಡಂಗೆ ಆಪರೇಷನ್ ಕೋಣೆಯಿಂದ ಕರೆ ಬಂತು. "ಗಿರಿ, ದವಡೆ ಬಿಡ್ಬೇಡ. ಎರಡು ನಿಮಿಷ" ಎಂದು ಹೋದರು. ನಾನು ದವಡೆ ಎತ್ತಿ ಹಿಡಿದು ನಿಂತೆ. ಮೂರ್ತಿ ಸರ್ ಪರದೆಯಿಂದ ಕಣ್ಣು ತೆಗೆಯದೆ, "ಮುಂದಿನ ಸೈಜ್ ಬಲೂನ್ ಎಲ್ಲೋ?" ಎಂದರು. ಅದನ್ನು ಮೊದಲೇ ತಂದಿಡುವುದು ನನ್ನ ಕೆಲಸ. ತಂದಿಟ್ಟಿರಲಿಲ್ಲ, ಬೆಂಚಿನ ಹತ್ತಿರ ಮಾತಾಡುತ್ತ ನಿಂತುಬಿಟ್ಟಿದ್ದೆ. ಮೇರಿ ಸಿಸ್ಟರ್ ಎರಡೂ ಕೈಯಲ್ಲಿ ಬಲೂನಿನ ತಂತಿ ಹಿಡಿದಿದ್ದರು. ದವಡೆ ಬಿಟ್ಟು ನಾನು ತೊಳೆಯುವ ಕೋಣೆಗೆ ಹೋದೆ.

ಅಲ್ಲಿ ನೀರಿನ ಪಂಪು ಓಡುತ್ತಿತ್ತು. ನನಗೆ ಏನೂ ಕೇಳುತ್ತಿರಲಿಲ್ಲ. ಮೊದಲ ಡ್ರಾಯರಿನಲ್ಲಿ ಆ ಅಳತೆ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಮೇಲಿನ ಕಪಾಟಿನಲ್ಲಿ ಸಿಕ್ಕಿತು.

ಇತ್ತ ಯಂತ್ರದ ದನಿ ಇಳಿಯತೊಡಗಿತ್ತು. ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿತ್ತು. ಮೇಡಂ ಇಲ್ಲ, ನಾನು ಬಾಗಿಲ ಹಿಂದೆ. "ಸಾಕು ಮಾಡೋ ಗಿರಿ" ಎಂದರಂತೆ ಮೇರಿ ಸಿಸ್ಟರ್. ದನಿ ಇನ್ನೂ ಇಳಿಯಿತು. "ಇವತ್ತು ಚೆನ್ನಾಗಿ ಬರ್ತಿದೆ ಇವನಿಗೆ" ಎಂದರಂತೆ ಮೂರ್ತಿ ಸರ್.

ಬಲೂನು ಹಿಡಿದು ಬಾಗಿಲು ತಳ್ಳಿ ಒಳಗೆ ಬಂದೆ. ಮೇರಿ ಸಿಸ್ಟರ್ ಬೈಯಲೆಂದು ತಿರುಗಿದರು. ನನ್ನ ಬಾಯಿ ಮುಚ್ಚಿತ್ತು. ಸದ್ದು ಬರುತ್ತಲೇ ಇತ್ತು. ಅವರ ಮುಖ ಹೇಗಾಯಿತೋ ಅದನ್ನು ನಾನು ಅಣಕಿಸಲಾರೆ. ಆ ಸದ್ದು ನಾನು ಎಂದೂ ಇಳಿಸಿದ್ದಕ್ಕಿಂತ ಕೆಳಗಿತ್ತು. ಅಷ್ಟು ಕೆಳಗಿನ ಸ್ವರ ನನ್ನ ಗಂಟಲಿಗೆ ಬಂದೇ ಇರಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಬಿಡುವು. ಪುಟ್ಟಸ್ವಾಮಯ್ಯನವರ ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು.

ಕೊಳವೆ ಎಳೆದೆವು, ಅಂಗಾತ ಹಾಕಿದೆವು, ದವಡೆ ಎತ್ತಿ ಚೀಲ ಒತ್ತಿ ಗಾಳಿ ಕೊಟ್ಟೆವು. ನಜ್ಮಾ ಮೇಡಂ ಓಡಿಬಂದು ಗಂಟಲಿಗೆ ಉಸಿರಿನ ಕೊಳವೆ ಹಾಕಿದರು. ಎದೆ ಒತ್ತಿದೆವು. ದನಿ ಮೆಲ್ಲಗೆ ಮೆಟ್ಟಿಲು ಹತ್ತಿ ಮೇಲೆ ಬಂತು. ನಾಡಿ ಬಂತು. ಅವರು ಬರಲಿಲ್ಲ. ಅಂದು "ಯಾವ ಸ್ಟಾಪು" ಎಂದು ಯಾರೂ ಕೇಳಲಿಲ್ಲ.

ವಿಚಾರಣೆ ನಡೆಯಿತು. ಯಂತ್ರ ತನ್ನ ನೆನಪನ್ನು ಕಾಗದಕ್ಕೆ ಇಳಿಸಿ ಕೊಟ್ಟಿತು: ಆಮ್ಲಜನಕ ಕುಸಿದಿದ್ದದ್ದು ಎರಡು ನಿಮಿಷಕ್ಕೂ ಮೇಲೆ. ಆ ಎರಡು ನಿಮಿಷ ಯಾರು ಏನು ಮಾಡುತ್ತಿದ್ದರು ಎಂದು ಅದು ಬರೆದುಕೊಳ್ಳುವುದಿಲ್ಲ. ಮೇರಿ ಸಿಸ್ಟರ್ ಲಿಫ್ಟಿನ ಹತ್ತಿರ ನನ್ನ ತೋಳು ಹಿಡಿದು, "ನೀನೂ ಹೇಳ್ಬೇಡ, ನಾನೂ ಹೇಳಲ್ಲ. ನಂಗೆ ಎರಡು ಮಕ್ಳು" ಎಂದರು. ಮೂರ್ತಿ ಸರ್ "ಇಂಥ ತೊಂದರೆ ಆಗಬಹುದು ಅಂತ ಒಪ್ಪಿಗೆ ಪತ್ರದಲ್ಲೇ ಇದೆ" ಎಂದರು. ತಪ್ಪು ಕೋಣೆ ಬಿಟ್ಟು ಹೋದ ನಜ್ಮಾ ಮೇಡಂ ಅವರದು ಎಂದಾಯಿತು. ರಾಜೀನಾಮೆ ಕೊಡುವ ಮುಂಚೆ ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ಗಿರಿ, ದನಿ ಇಳಿದಾಗ ನಿಮಗೆ ಯಾರಿಗೂ ಕೇಳಿಸ್ಲಿಲ್ವಾ?"

"ಇಲ್ಲ ಮೇಡಂ. ಪಂಪು ಓಡ್ತಿತ್ತು."

ನಿಜವಾದ ಮಾತನ್ನೇ ಸುಳ್ಳು ಹೇಳಲು ಬಳಸಬಹುದು ಎಂದು ಅಂದು ಕಲಿತೆ. ಅವರು ಹೋದ ತಿಂಗಳೊಪ್ಪತ್ತಿಗೆ ನಾನೂ ಬಿಟ್ಟೆ.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಚಿಕ್ಕಬಾಣಾವರಕ್ಕೆ ಹೋದೆ. ಸ್ಟೇಷನ್ನಿನ ಹಿಂದಿನ ಮನೆ. ಪುಟ್ಟಸ್ವಾಮಯ್ಯ ಮಂಚದ ಮೇಲೆ, ಕಣ್ಣು ತೆರೆದು, ಸೂರು ನೋಡುತ್ತ ಮಲಗಿದ್ದರು. ಅನ್ನನಾಳ ಈಗ ಮುದ್ದೆ ಇಳಿಯುವಷ್ಟು ಅಗಲವಿತ್ತು. ಆದರೆ ನುಂಗುವುದು ಹೇಗೆಂಬುದನ್ನು ಮಿದುಳು ಮರೆತಿತ್ತು. ಮೂಗಿನ ಕೊಳವೆಗೆ ಜಯಮ್ಮ ರಾಗಿ ಗಂಜಿ ಹೊಯ್ಯುತ್ತಿದ್ದರು.

"ಬಾರಪ್ಪಾ ಗಿರಿ. ಕುಂತ್ಕೊ. ಇವ್ರ ಒಟ್ಟೆ ತುಂಬುಸ್ಬುಟ್ಟು ಕಾಪಿ ಕೊಡ್ತೀನಿ."

ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಬಾಗಿಲ ಹಿಂದಿನ ಆಟ, ಮೇಡಂ ಕೊಟ್ಟ ಎಚ್ಚರಿಕೆ, ತರದೆ ಬಿಟ್ಟ ಬಲೂನು, ಬಿಟ್ಟ ದವಡೆ, ನಾನೆಂದುಕೊಂಡು ಯಾರೂ ತಿರುಗದಿದ್ದುದು. ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡು ಬಂದಿದ್ದೆ. ಅದನ್ನೇ ಬಯಸಿ ಬಂದಿದ್ದೆ ಎಂದರೂ ಸರಿಯೇ. ಅವರು ಗಂಜಿ ಹೊಯ್ಯುವುದನ್ನು ನಿಲ್ಲಿಸಲಿಲ್ಲ.

"ಅಂಗಾರೆ ಮಿಸೀನು ಕೂಗ್ತಾನೇ ಇತ್ತಾ?"

"ಇತ್ತಮ್ಮಾ."

"ಎಂಗೆ ಕೂಗ್ತದೆ ಅದು? ಮಾಡು, ನೋಡಾನ."

"ಬೇಡಮ್ಮಾ."

"ಮಾಡಪ್ಪಾ."

ಎರಡು ಸಲ ಗಾಳಿ ಮಾತ್ರ ಬಂತು. ಮೂರನೆಯ ಸಲಕ್ಕೆ ಬಂತು, ಅಚ್ಚುಕಟ್ಟಾಗಿ, ಎಂದಿನಂತೆ. ಟಿಂವ್. ಟುಂವ್. ಟೊಂವ್. ಮಂಚದ ಮೇಲಿದ್ದವರು ಸೂರನ್ನೇ ನೋಡುತ್ತಿದ್ದರು. ಜಯಮ್ಮನವರ ಕೈ ನಿಂತಿತು.

"ಇದಾ?" ಎಂದರು. "ಇದು ನಂಗೂ ಕೇಳಿಸ್ತಿತ್ತಲ್ಲಪ್ಪಾ. ಬಾಗಿಲತ್ರನೇ ಕುಂತಿದ್ದೆ. ಬೆಂಚತ್ರ ನೀನು ಮಾಡಿ ತೋರುಸ್ತಿದ್ಯಲ್ಲಾ, ಅದೇ ಅನ್ಕೊಂಡೆ. ಒಳಗೆ ಗಿರಿ ಆಟ ಆಡ್ತಾವ್ನೆ, ಇವ್ರು ಎದ್ದವ್ರೆ, ಇನ್ನೇನು ಸ್ಟಾಪು ಬತ್ತದೆ ಅಂತ ಕ್ಯಾರಿಯರ್ ಬಿಚ್ಚಿ ಇಟ್ಕೊಂಡೆ."

ಕೊಳವೆಯಲ್ಲಿ ಗಂಜಿ ಇಳಿದು ಖಾಲಿಯಾಗಿತ್ತು. ಅವರು ಅದನ್ನು ಎತ್ತಿ ಹಿಡಿದೇ ಇದ್ದರು.

"ಎಷ್ಟೊತ್ತು ಅಂದೆ?"

"ಎರಡು ನಿಮಿಷಮ್ಮಾ. ಅದರ ಮೇಲೆ."

"ಅಷ್ಟೊತ್ತೂ ನಗ್ತಾನೇ ಇದ್ನಲ್ಲಪ್ಪಾ ನಾನು," ಎಂದರು ಜಯಮ್ಮ.